ಬಾಗಿಲಲ್ಲಿ ನಿಂತವರು

ದೇವಾಲಯಕ್ಕೆ ಹೋಗುವವನ ದೃಷ್ಟಿಯೆಲ್ಲವೂ ಗರ್ಭಗೃಹದ ಕಡೆಗೆ. ಕೈಯಲ್ಲಿ ಹೂವು ಹಣ್ಣು, ಮನಸ್ಸಿನಲ್ಲಿ ಮನೆಯ ಚಿಂತೆ, ತುಟಿಯ ಮೇಲೆ ಬಾಲ್ಯದಲ್ಲಿ ಕಲಿತ ಯಾವುದೋ ಸ್ತೋತ್ರ. ಹೀಗೆ ಒಳಕ್ಕೆ ಹೆಜ್ಜೆಯಿಡುವವನು ಬಾಗಿಲಿನ ಎಡಬಲಗಳಲ್ಲಿ ಆಯುಧಪಾಣಿಗಳಾಗಿ ನಿಂತಿರುವ ಇಬ್ಬರನ್ನು ತಲೆಯೆತ್ತಿ ನೋಡುವುದು ಅಪರೂಪ. ಪೂಜಾವಿಧಿಯಲ್ಲಿ ದ್ವಾರಪಾಲಪೂಜೆಯೆಂಬುದು ಮೊದಲಿಗೇ ಬರುವುದಾದರೂ ಅದು ನಾಲ್ಕು ಅಕ್ಷತೆಯ ಕಾಳುಗಳಲ್ಲಿ ಮುಗಿದುಹೋಗುವುದು. ಅವರಿಗೆ ರಥೋತ್ಸವವಿಲ್ಲ, ಹರಕೆಯಿಲ್ಲ. ಸ್ವಾಮಿಗೆ ಅತ್ಯಂತ ಸಮೀಪದಲ್ಲಿದ್ದೂ ಸ್ವಾಮಿಗೆ ಬೆನ್ನು ಮಾಡಿಯೇ ನಿಲ್ಲಬೇಕಾದವರು ಅವರು.

ಅರಸೀಕೆರೆಯ ಒಬ್ಬ ವೃದ್ಧನು ಈಚೆಗೆ ತನ್ನ ಮೊಮ್ಮಗಳೊಡನೆ ಹಳೇಬೀಡು ಬೇಲೂರುಗಳನ್ನು ನೋಡಿಬಂದನು. ಕಾಲೇಜಿನಲ್ಲಿ ಓದುವ ಆ ಹುಡುಗಿಗೆ ಹೊಯ್ಸಳ ದೇವಾಲಯಗಳ ವಿಷಯವಾಗಿ ಒಂದು ಪ್ರಬಂಧ ಬರೆಯಬೇಕಾಗಿದ್ದಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಇಂತಹ ಪ್ರಬಂಧಗಳನ್ನು ಬರೆಯಿಸುವುದು ಹೆಚ್ಚಾಗಿದೆ. ತಾತನನ್ನು ಜೊತೆಗೆ ಕರೆದುಕೊಂಡದ್ದು ದಾರಿಯ ಸಂಗಡಕ್ಕಾಗಿ. ಆದರೆ ಆ ಪ್ರಯಾಣದಲ್ಲಿ ಮುದುಕನ ಕಣ್ಣು ದೇವರಿಗಿಂತಲೂ ಬಾಗಿಲುಗಳಲ್ಲಿಯೇ ನಿಂತಿತು. ಅದಕ್ಕೆ ಕಾರಣವುಂಟು. ಆತನು ಮೂವತ್ತನಾಲ್ಕು ವರ್ಷಗಳ ಕಾಲ ಒಂದು ಪ್ರೌಢಶಾಲೆಯಲ್ಲಿ ಜವಾನನಾಗಿದ್ದವನು.

ಶಾಲೆಯ ಜವಾನನ ಕೆಲಸವೇನೆಂಬುದು ವಾಚಕರಿಗೆ ತಿಳಿಯದುದಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುವುದು, ಕಸ ಗುಡಿಸುವುದು, ನೀರಿನ ಹಂಡೆ ತುಂಬುವುದು, ಗಂಟೆ ಹೊಡೆಯುವುದು, ಹಾಜರಿ ಪುಸ್ತಕವನ್ನು ತರಗತಿಯಿಂದ ತರಗತಿಗೆ ಒಯ್ಯುವುದು, ಸಂಜೆ ಎಲ್ಲರೂ ಹೋದ ಮೇಲೆ ಬೀಗ ಹಾಕುವುದು. ಇವುಗಳ ನಡುವೆ ಇನ್ನೊಂದು ಕೆಲಸವಿದ್ದಿತು. ಎರಡನೆಯ ಗಂಟೆಯಾದೊಡನೆ ಗೇಟನ್ನು ಮುಚ್ಚಿ, ಅನಂತರ ಬಂದವರನ್ನು ಹಿಂದಕ್ಕೆ ಕಳುಹಿಸುವುದು. ಆತನಿಗೆ ಓದು ಹೆಚ್ಚಿಲ್ಲ. ಆದರೆ ಹಬ್ಬಗಳಲ್ಲಿ ರಾತ್ರಿಯಿಡೀ ಕುಳಿತು ಮೂಡಲಪಾಯದ ಆಟಗಳನ್ನು ನೋಡಿದವನಾದುದರಿಂದ ಪುರಾಣದ ಕಥೆಗಳೆಲ್ಲವೂ ನಾಲಗೆಯ ತುದಿಯಲ್ಲಿದ್ದವು.

ಹೊರಡುವ ಮುನ್ನ ಅವರು ತಮ್ಮ ಊರಿನ ಶಿವಾಲಯವನ್ನೇ ಮೊದಲು ನೋಡಿದರು. ಅರಸೀಕೆರೆಯೆಂದರೆ ರೈಲು ಬದಲಾಯಿಸುವ ಸ್ಥಳವೆಂದಷ್ಟೇ ತಿಳಿದವರು ಅನೇಕರು. ಅರಸಿಯ ಕೆರೆಯೆಂಬ ಹೆಸರು ಪಡೆದ ಈ ಊರಿನಲ್ಲಿ 1220ರ ಕಾಲದ ಈಶ್ವರ ದೇವಾಲಯವೊಂದು ಹೊಯ್ಸಳರ ಕುಶಲತೆಗೆ ಸಾಕ್ಷಿಯಾಗಿ ನಿಂತಿರುವುದು. ಅದರ ಮುಖಮಂಟಪವು ಹದಿನಾರು ಮೂಲೆಗಳ ನಕ್ಷತ್ರದ ಆಕಾರದಲ್ಲಿದ್ದು, ಸುತ್ತಲೂ ತೆರೆದಿದ್ದು, ಒಳಗಡೆ ಕುಳಿತುಕೊಳ್ಳಲು ಕಲ್ಲಿನ ಜಗಲಿಯನ್ನು ಹೊಂದಿದೆ. ಮೇಲೆ ಕೊಡೆಯಂತೆ ಕಮಾನಾದ ಭುವನೇಶ್ವರಿ. ಬಿಸಿಲಿನಿಂದ ಬಂದವನು ದೇವರನ್ನು ಕಾಣುವ ಮೊದಲು ಇಲ್ಲಿ ಕುಳಿತು ಬೆವರೊರಸಿಕೊಳ್ಳಬಹುದು.

ಮುದುಕನು ಜಗಲಿಯ ಮೇಲೆ ಕುಳಿತು ಸುತ್ತಲೂ ನೋಡಿ, “ಇಲ್ಲಿ ಬಾಗಿಲೇ ಇಲ್ವಲ್ಲ, ಮಗ” ಎಂದನು.

“ಬಾಗಿಲು ಒಳಗಡೆ ಇದೆ, ತಾತ. ಇದು ಬಂದವರು ಕೂತುಕೊಳ್ಳೋಕೆ” ಎಂದಳು ಹುಡುಗಿ.

“ಒಳ್ಳೇದು. ಮೊದಲು ಕೂರಿಸಿ ಆಮೇಲೆ ಯಾರು ಅಂತ ಕೇಳಬೇಕು” ಎಂದು ಹೇಳಿ ಆತನು ಎದ್ದನು.

ಅಲ್ಲಿಂದ ಬಸ್ಸಿನಲ್ಲಿ ಸುಮಾರು ನಲವತ್ತು ಕಿಲೋಮೀಟರು ಹೋದರೆ ಹಳೇಬೀಡು. ಇದೇ ಹೊಯ್ಸಳರ ರಾಜಧಾನಿಯಾದ ದೋರಸಮುದ್ರ. ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ, ಅವನ ಅಧಿಕಾರಿಯಾದ ಕೇತಮಲ್ಲನು ಹೊಯ್ಸಳೇಶ್ವರ ದೇವಾಲಯವನ್ನು ಕಟ್ಟಿಸಲು ಉದ್ಯುಕ್ತನಾದನು. ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಎರಡು ಲಿಂಗಗಳಿಗೆ ಎರಡು ಗರ್ಭಗೃಹಗಳು. ಪೂರ್ವಕ್ಕೆ ಎರಡು, ಉತ್ತರ ದಕ್ಷಿಣಗಳಿಗೆ ಒಂದೊಂದು, ಹೀಗೆ ನಾಲ್ಕು ಬಾಗಿಲುಗಳು. ತಾತ ಮೊಮ್ಮಗಳು ಉತ್ತರದಿಂದ ಹೊರಟು, ಪೂರ್ವದ ಎರಡು ನಂದಿಮಂಟಪಗಳನ್ನು ನೋಡಿಕೊಂಡು, ಪ್ರದಕ್ಷಿಣವಾಗಿ ದಕ್ಷಿಣದ ಬಾಗಿಲಿಗೆ ಬಂದರು.

ಇಲ್ಲಿಯ ದ್ವಾರಪಾಲಕರನ್ನು ಒಮ್ಮೆ ನೋಡಿದವರು ಮರೆಯಲಾರರು. ಆಳೆತ್ತರವನ್ನು ಮೀರಿದ ದೇಹ. ಮುಡಿಯಿಂದ ಕಾಲ್ಬೆರಳಿನವರೆಗೆ ಬಿಡುವಿಲ್ಲದ ಆಭರಣಗಳ ಜಾಲ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಬಿಸಿಲುಗಳಿಗೆ ಗಟ್ಟಿಯಾಗುವ ಗುಣವುಳ್ಳದ್ದಾದುದರಿಂದ, ಅಕ್ಕಸಾಲಿಯು ಚಿನ್ನದಲ್ಲಿ ಮಾಡುವ ಕೆಲಸವನ್ನು ಶಿಲ್ಪಿಯು ಇಲ್ಲಿ ಕಲ್ಲಿನಲ್ಲಿ ಮಾಡಿರುವನು. ಈ ಬಾಗಿಲಿನ ಶಿಲ್ಪಕಾರ್ಯಕ್ಕೆ ಕಾಳಿದಾಸಿಯೆಂಬ ಶಿಲ್ಪಿಯ ಹೆಸರು ಸೇರಿಕೊಂಡಿದೆ. ಆದರೆ ಇಷ್ಟೆಲ್ಲ ಅಲಂಕಾರವುಳ್ಳ ಆ ಕಾವಲುಗಾರರ ಕೈಗಳು ಭಗ್ನವಾಗಿವೆ.

ದಕ್ಷಿಣದೇಶದ ದೇವಾಲಯಗಳಲ್ಲಿ ದ್ವಾರಪಾಲಕರ ಕೈಗಳಿಗೆ ಎರಡು ಮುದ್ರೆಗಳು ವಿಶೇಷವಾಗಿ ಸಲ್ಲುವುವು. ಒಂದು ತರ್ಜನೀ, ಎತ್ತಿದ ತೋರುಬೆರಳು, ಒಳಗೆ ಬರುವವನಿಗೆ ಎಚ್ಚರಿಕೆ. ಇನ್ನೊಂದು ವಿಸ್ಮಯ, ಒಳಗಿರುವ ಮಹಿಮೆಯನ್ನು ಕುರಿತ ಬೆರಗು. ‘ನೀನು ಏನನ್ನು ಹೊತ್ತು ತಂದಿರುವೆ?’ ಎಂದು ಒಂದು ಕೈ ಕೇಳಿದರೆ, ‘ಒಳಗಿರುವುದು ಏನೆಂದು ಬಲ್ಲೆಯಾ?’ ಎಂದು ಇನ್ನೊಂದು ಕೇಳುವುದು. ಈ ಎರಡು ಮಾತುಗಳೂ ಸೇರಿದರೆ ಮಾತ್ರ ಬಾಗಿಲು ಕಾಯುವ ಧರ್ಮ ಪೂರ್ಣವಾಗುವುದು. ಬೆರಗಿಲ್ಲದೆ ಬೆದರಿಕೆಯೊಂದೇ ಉಳಿದರೆ ಅದು ಬೇಲಿಯ ಕೆಲಸ. ಅದಕ್ಕೆ ಕಾವಲುಗಾರನು ಬೇಕಾಗಿಲ್ಲ, ಮುಳ್ಳು ಸಾಕು.

“ಇಷ್ಟು ದೊಡ್ಡವರು ಇದ್ದೂ ಊರು ಹಾಳಾಯ್ತಲ್ಲ, ತಾತ” ಎಂದಳು ಹುಡುಗಿ. ಅವಳು ಓದಿ ಬಂದಿದ್ದಳು. 1311ರಲ್ಲಿ ದಿಲ್ಲಿಯ ಸುಲ್ತಾನನ ಸೇನಾನಿ ಮಲಿಕ್ ಕಾಫೂರನು ದೋರಸಮುದ್ರದ ಮೇಲೆ ನುಗ್ಗಿದನು. ಮೂರನೆಯ ಬಲ್ಲಾಳನು ಸಂಪತ್ತನ್ನೂ ಆನೆಗಳನ್ನೂ ಒಪ್ಪಿಸಿ ಶರಣಾಗಬೇಕಾಯಿತು. ಅನಂತರ ತುಘಲಕನ ಸೈನ್ಯವೂ ಬಂದಿತು. ರಾಜಧಾನಿಯಾಗಿದ್ದುದು ಹಳೆಯ ಬೀಡಾಯಿತು.

ಅವಳ ಮಾತು ನಿಜ. ಆದರೆ ಸೈನ್ಯವನ್ನು ತಡೆಯುವುದಕ್ಕೆ ರಾಜಧಾನಿಗೆ ಕೋಟೆಯಿದ್ದಿತು, ಕಾಲಾಳುಗಳಿದ್ದರು. ದೇವಾಲಯದ ದಕ್ಷಿಣಕ್ಕಿರುವ ಒಂದು ಕಂಬವು ಅಂತಹ ನಿಜವಾದ ಕಾವಲುಗಾರನೊಬ್ಬನ ಕಥೆಯನ್ನು ಹೇಳುವುದು. ಎರಡನೆಯ ವೀರಬಲ್ಲಾಳನ ದಂಡನಾಯಕನಾದ ಕುವರ ಲಕ್ಷ್ಮನು ಗರುಡನೆಂಬ ವ್ರತವನ್ನು ಹಿಡಿದವನು. ಎಂದರೆ, ಒಡೆಯನು ಸತ್ತರೆ ತಾನೂ ಬದುಕಲಾರೆನೆಂದು ನುಡಿಕೊಟ್ಟವನು. ಅರಸನು 1220ರಲ್ಲಿ ತೀರಿಕೊಂಡನು. ಲಕ್ಷ್ಮನು ತನ್ನ ಮಡದಿಯೊಡನೆ, ತನ್ನ ಸಂಗಡಿಗ ವೀರರೊಡನೆ, ನುಡಿದಂತೆ ಪ್ರಾಣವನ್ನೊಪ್ಪಿಸಿದನು. ಕತ್ತಿ ಹಿಡಿದು ತಮ್ಮನ್ನೇ ಇರಿದುಕೊಳ್ಳುವ ವೀರರ ರೂಪಗಳು ಆ ಕಂಬದ ಮೇಲಿವೆ. ಅರಸೀಕೆರೆಯ ತೆರೆದ ಮಂಟಪದ ಕಾಲವೂ ಅದೇ. ಮನುಷ್ಯನು ಕಾಯುವುದು ಹಾಗೆ, ಪ್ರಾಣವಿರುವವರೆಗೆ. ಕಲ್ಲಿನವರನ್ನು ನಿಲ್ಲಿಸಿದ್ದು ಬೇರೆ ಕಾವಲಿಗೆ. ಅವರು ತಡೆಯಬೇಕಾದ ಶತ್ರುವು ಬರುವವನ ಬೆನ್ನಿನ ಮೇಲಲ್ಲ, ಎದೆಯೊಳಗೆ ಕುಳಿತು ಬರುವವನು.

ಇದು ಕನ್ನಡನಾಡಿನ ಯೋಚನೆ ಮಾತ್ರವಲ್ಲ. ಭಾರತದಿಂದ ಹೊರಟ ಧರ್ಮಗಳು ಎಲ್ಲೆಲ್ಲಿಗೆ ಹೋದುವೋ ಅಲ್ಲಲ್ಲಿಗೆ ಈ ಇಬ್ಬರೂ ಜೊತೆಯಲ್ಲಿ ಹೋದರು. ಜಾವಾ ದ್ವೀಪದಲ್ಲಿ ಎಂಟನೆಯ ಶತಮಾನದ ಕೊನೆಯ ಕಾಲಕ್ಕೆ ಸೇರಿದ ಸೇವು ಎಂಬ ಬೌದ್ಧ ದೇವಾಲಯದ ದಾರಿಗಳಲ್ಲಿ ಗದೆ ಹಿಡಿದು ಮಂಡಿಯೂರಿದ ಬೃಹತ್ಕಾಯರಾದ ದ್ವಾರಪಾಲರಿರುವರು. ಅದೇ ದ್ವೀಪದ ಸಿಂಗೋಸಾರಿಯಲ್ಲಿ ಸುಮಾರು 12 ಅಡಿಗಳೆತ್ತರದ ಇಬ್ಬರಿರುವರು. ಜಪಾನಿನ ನಾರಾ ನಗರದ ತೋದಾಯಿಜಿ ವಿಹಾರದ ಮಹಾದ್ವಾರದಲ್ಲಿ ಉಂಕೇ, ಕಾಯ್‌ಕೇ ಮೊದಲಾದ ಶಿಲ್ಪಿಗಳು 1203ರಲ್ಲಿ, ಎಂದರೆ ನಮ್ಮ ವೀರಬಲ್ಲಾಳನು ಆಳುತ್ತಿದ್ದ ಕಾಲದಲ್ಲಿಯೇ, 28 ಅಡಿಗಳೆತ್ತರದ ಮರದ ದ್ವಾರಪಾಲರನ್ನು ನಿಲ್ಲಿಸಿದರು. ಅವರಲ್ಲಿ ಒಬ್ಬನ ಬಾಯಿ ತೆರೆದಿರುವುದು, ಇನ್ನೊಬ್ಬನದು ಮುಚ್ಚಿರುವುದು. ಒಬ್ಬನು ಅಕಾರವನ್ನು ಉಚ್ಚರಿಸುತ್ತಿರುವನೆಂದೂ ಇನ್ನೊಬ್ಬನು ವರ್ಣಮಾಲೆಯ ಕೊನೆಯ ನಾದವನ್ನು ಮುಗಿಸುತ್ತಿರುವನೆಂದೂ ಅಲ್ಲಿಯವರು ಹೇಳುವರು. ಹೇಳಬಹುದಾದ ಮಾತೆಲ್ಲವೂ ಆ ಇಬ್ಬರ ನಡುವೆ ಅಡಗಿದೆಯೆಂದು ಅದರ ತಾತ್ಪರ್ಯ. ಎಲ್ಲಿ ನೋಡಿದರೂ ದೇಹ ದೈತ್ಯನದು, ಕೆಲಸ ಸೇವಕನದು.

ಕಾವಲಿನಲ್ಲಿ ಎರಡು ಬಗೆಯ ತಪ್ಪು ಸಂಭವಿಸುವುದುಂಟು. ಒಳಗೆ ಬರಬಾರದವನು ನುಸುಳಿಹೋಗುವುದು ಒಂದು. ಕಾಳಿದಾಸನು ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಅಂತಹ ಒಂದು ಗಳಿಗೆಯನ್ನು ಚಿತ್ರಿಸಿರುವನು. ಶಿವನು ತಪಸ್ಸಿನಲ್ಲಿರುವಾಗ ನಂದಿಯು ಹೊನ್ನಿನ ಬೆತ್ತವನ್ನು ಹಿಡಿದು ಬಳ್ಳಿಮನೆಯ ಬಾಗಿಲಲ್ಲಿ ನಿಂತು, ತುಟಿಯ ಮೇಲೆ ಬೆರಳಿಟ್ಟು ಗಣಗಳನ್ನು ಸುಮ್ಮನಾಗಿಸುವನು. ಕಾಡಿಗೆ ಕಾಡೇ ಬರೆದ ಚಿತ್ರದಂತಾಗುವುದು. ಆದರೂ ಆ ಕಣ್ಣುಗಳನ್ನು ತಪ್ಪಿಸಿಕೊಂಡು ಮನ್ಮಥನು ಒಳಗೆ ಹೋಗಿಯೇಬಿಡುವನು. ಹಳೇಬೀಡಿನ ಕಾಳಿದಾಸಿಯ ಬಾಗಿಲ ಮುಂದೆ ಆ ಕವಿಯ ನಂದಿಯು ನೆನಪಾಗುವುದು ಸಹಜ. ಈ ಬಗೆಯ ತಪ್ಪನ್ನು ಲೋಕವು ಬೇಗನೆ ಕಂಡುಹಿಡಿಯುವುದು, ಶಿಕ್ಷಿಸುವುದು. ನುಸುಳಿದವನೂ ಅಲ್ಲಿ ಭಸ್ಮವಾದನು.

ಎರಡನೆಯ ತಪ್ಪು ಯಾರ ಕಣ್ಣಿಗೂ ಬೀಳದು. ಅದನ್ನು ಕಾಣುವುದಕ್ಕೆ ಬೇಲೂರಿಗೆ ಹೋಗಬೇಕು.

ಹಳೇಬೀಡಿನಿಂದ ಬೇಲೂರಿಗೆ ಹದಿನಾರು ಕಿಲೋಮೀಟರು. ವಿಷ್ಣುವರ್ಧನನು 1117ರಲ್ಲಿ ಇಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದನು. ಜನರ ಬಾಯಲ್ಲಿ ಆ ಸ್ವಾಮಿಯು ಚೆನ್ನಕೇಶವ, ಚೆನ್ನಿಗರಾಯ. ಇಂದಿಗೂ ನಿತ್ಯಪೂಜೆ ನಡೆಯುವ ಸನ್ನಿಧಿ ಇದು. ಮೂಡಣ ಬಾಗಿಲಿನ ಮೆಟ್ಟಿಲುಗಳ ಎರಡು ಕಡೆಯಲ್ಲಿಯೂ ಸಳನು ಮೃಗದೊಡನೆ ಹೋರಾಡುವ ಹೊಯ್ಸಳರ ಲಾಂಛನವಿರುವುದು. ಅದನ್ನು ದಾಟಿ ಬಾಗಿಲಿಗೆ ಬಂದವನನ್ನು ಇದಿರುಗೊಳ್ಳುವವರು ಗದಾಪಾಣಿಗಳಲ್ಲ, ರತಿ ಮನ್ಮಥರು! ನಂದಿಯ ಕಣ್ಣು ತಪ್ಪಿಸಿ ಒಳನುಗ್ಗಿದ ಅದೇ ಕಳ್ಳನಿಗೆ ಬೇಲೂರಿನವರು ಬಾಗಿಲಿನಲ್ಲಿಯೇ ಸ್ಥಾನ ಕೊಟ್ಟಿರುವರು. ಮುದುಕನಿಗೆ ಇದು ಬಹಳ ಮೆಚ್ಚಿಕೆಯಾಯಿತು. “ಗೋಡೆ ಹಾರೋ ಹುಡುಗನ್ನೇ ಮಾನಿಟರ್ ಮಾಡಿದ ಹಾಗೆ” ಎಂದು ನಕ್ಕನು.

ಒಳಗೆ ಹೋದರೆ ನವರಂಗದ ನಸುಗತ್ತಲೆ. ಜಾಲಂಧ್ರಗಳಿಂದ ಸೋಸಿ ಬಂದ ಬೆಳಕಿಗೆ ಕಣ್ಣು ಹೊಂದಿಕೊಂಡ ಮೇಲೆ, ಸುಕನಾಸಿಯ ಬಾಗಿಲಿನ ಎರಡು ಪಕ್ಕಗಳಲ್ಲಿ ಜಯವಿಜಯರು ಕಾಣುವರು. ನಾಲ್ಕು ಕೈಗಳು, ಶಂಖಚಕ್ರಗಳು, ಸ್ವಾಮಿಯದೇ ರೂಪ. ಅಲ್ಲಿ ಮುದುಕನು ನಿಂತನು. ಹಿಂದಿನಿಂದ ಬಂದ ಯಾತ್ರಿಕರು ಆತನನ್ನು ಬಳಸಿಕೊಂಡು ಮುಂದೆ ಹೋದರು.

ಇವರ ಕಥೆಯನ್ನು ಭಾಗವತದ ಮೂರನೆಯ ಸ್ಕಂಧವು ಹೇಳುವುದು. ಸನಕಾದಿಗಳು ನಾಲ್ವರು ಬ್ರಹ್ಮನ ಮಾನಸಪುತ್ರರು. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು, ನೋಟಕ್ಕೆ ಐದು ವರ್ಷದ ಮಕ್ಕಳು, ಮೈಮೇಲೆ ಬಟ್ಟೆಯಿಲ್ಲ. ವೈಕುಂಠದ ಆರು ಬಾಗಿಲುಗಳನ್ನು ದಾಟಿದ ಅವರನ್ನು ಏಳನೆಯ ಬಾಗಿಲಿನಲ್ಲಿ ಜಯವಿಜಯರು ಬೆತ್ತವನ್ನು ಅಡ್ಡಗಟ್ಟಿ ತಡೆದರು. ಮಕ್ಕಳು, ಬರಿಮೈಯವರು, ಗೊತ್ತುಗುರಿಯಿಲ್ಲದವರು ಎಂಬುದೇ ಕಾರಣ. ಮಹರ್ಷಿಗಳು ಶಪಿಸಿದರು. ಆ ಶಾಪದಿಂದ ಹಿರಣ್ಯಾಕ್ಷ ಹಿರಣ್ಯಕಶಿಪುಗಳೂ, ರಾವಣ ಕುಂಭಕರ್ಣರೂ, ಶಿಶುಪಾಲ ದಂತವಕ್ರರೂ ಹುಟ್ಟಿದರು. ಒಬ್ಬ ಕಳ್ಳನನ್ನು ಒಳಗೆ ಬಿಟ್ಟುದಕ್ಕಾಗಿ ಇವರು ಬೀಳಲಿಲ್ಲ. ಒಳಗೆ ಬರತಕ್ಕವರನ್ನು ಹೊರಗೆ ನಿಲ್ಲಿಸಿದುದಕ್ಕಾಗಿ ಬಿದ್ದರು. ಇದೇ ದೇವಾಲಯದ ಹೊರಗೋಡೆಯಲ್ಲಿ ನರಸಿಂಹನು ಹಿರಣ್ಯಕಶಿಪುವಿನ ಕರುಳು ಬಗೆಯುವ ಶಿಲ್ಪವಿರುವುದು. ಕೈಲಾಸವನ್ನೆತ್ತುವ ರಾವಣನೂ ಇರುವನು. ಒಳಗೆ ಕೈಕಟ್ಟಿ ಕಾಯುವವರೂ ಹೊರಗೆ ಉಗುರಿಗೆ ಸಿಕ್ಕವರೂ ಒಬ್ಬರೇ.

ಹೊರಗೆ ಬಂದು ಪ್ರಾಕಾರದ ನೆರಳಿನಲ್ಲಿ ಕುಳಿತಾಗ ಮುದುಕನು ಮೊಮ್ಮಗಳಿಗೆ, ಎಂದೂ ಹೇಳದಿದ್ದ ಒಂದು ಸಂಗತಿಯನ್ನು ಹೇಳಿದನು.

1987ರ ಮಳೆಗಾಲ. ಒಂಬತ್ತನೆಯ ತರಗತಿಗೆ ಬರುತ್ತಿದ್ದ ಒಬ್ಬ ಹುಡುಗನು ನಾಲ್ಕು ಮೈಲಿ ನಡೆದು ಬರಬೇಕಾಗಿದ್ದಿತು. ತಂದೆಯಿಲ್ಲ. ಮುಂಜಾನೆ ಹಾಲು ಹಾಕಿ, ಎಮ್ಮೆಗೆ ಹುಲ್ಲು ತಂದು ಹೊರಡುವನಾದುದರಿಂದ ವಾರಕ್ಕೆ ಮೂರು ದಿನ ತಡವಾಗುವುದು. ಎರಡನೆಯ ಗಂಟೆಯ ಮೇಲೆ ಬಂದವರನ್ನು ಬಿಡಕೂಡದೆಂದು ಮುಖ್ಯೋಪಾಧ್ಯಾಯರ ಕಟ್ಟಪ್ಪಣೆ. ಅವರು ವಿದ್ವಾಂಸರು, ಶಿಸ್ತಿನವರು. ಮಕ್ಕಳ ಹಿತಕ್ಕಾಗಿಯೇ ಆ ನಿಯಮವನ್ನು ಮಾಡಿದವರು. ಜವಾನನು ಒಂದೆರಡು ಸಲ ಹುಡುಗನನ್ನು ಒಳಗೆ ಬಿಟ್ಟು ಬೈಸಿಕೊಂಡನು. ಅನಂತರ ಬಿಡಲಿಲ್ಲ. ಒಂದು ದಿನ ಮಳೆಯಲ್ಲಿ ನೆನೆದು ಬಂದ ಹುಡುಗನು ಗೇಟಿನ ಕಂಬಿಗಳನ್ನು ಹಿಡಿದು ಸ್ವಲ್ಪ ಹೊತ್ತು ನಿಂತನು. ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಪುಸ್ತಕದ ಚೀಲವನ್ನು ಅಂಗಿಯೊಳಗೆ ತೂರಿಸಿಕೊಂಡು ಹಿಂದಿರುಗಿ ಹೋದನು. ಮತ್ತೆ ಬರಲಿಲ್ಲ. ತಿಂಗಳ ಕೊನೆಗೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಬಿದ್ದಿತು. ಆ ಪುಸ್ತಕವನ್ನು ತರಗತಿಯಿಂದ ಕೊಠಡಿಗೆ ಒಯ್ದವನೂ ಜವಾನನೇ.

“ನಿಯಮ ಮಾಡಿದ್ದು ನೀವಲ್ಲವಲ್ಲ, ತಾತ” ಎಂದಳು ಹುಡುಗಿ.

“ಬೀಗ ನನ್ನ ಕೈಯಲ್ಲಿತ್ತಲ್ಲ, ಮಗ” ಎಂದನು ಮುದುಕ.

ಬೇಲೂರಿನ ಬಾಗಿಲಿಗೆ ಸಂಬಂಧಿಸಿದ ಇನ್ನೊಂದು ಐತಿಹ್ಯವನ್ನು ಇಲ್ಲಿ ಹೇಳುವುದು ಉಚಿತ. ಬಿ. ಎಲ್. ರೈಸರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ಬರೆದಿಟ್ಟಿರುವರು. ಚೆನ್ನಿಗರಾಯನ ದೇವಿಯು ಬಾಬಾಬುಡನ್ ಗಿರಿಯಲ್ಲಿ ಉಳಿದುಬಿಟ್ಟಳಂತೆ. ಅವಳನ್ನು ನೋಡಲು ಸ್ವಾಮಿಯು ಆಗಾಗ ಬೆಟ್ಟಕ್ಕೆ ನಡೆದುಹೋಗುವನಂತೆ. ಅದಕ್ಕಾಗಿ ದೊಡ್ಡ ಪಾದರಕ್ಷೆಗಳನ್ನು ದೇವಾಲಯದಲ್ಲಿ ಇರಿಸುವರು. ಅವು ಸವೆದಾಗ ಚನ್ನಗಿರಿ, ಬಸವಾಪಟ್ಟಣಗಳ ಚಮ್ಮಾರರಿಗೆ ಕನಸಾಗುವುದು. ಅವರು ಹೊಸ ಜೋಡನ್ನು ಹೊಲಿದು ತರುವರು; ಅದನ್ನು ಒಪ್ಪಿಸುವುದಕ್ಕಾಗಿ ಅವರಿಗೆ ದೇವಾಲಯದ ಅಂಗಳದೊಳಕ್ಕೆ ಪ್ರವೇಶವುಂಟು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಜನಕ್ಕೆ ಮೇಲುಕೋಟೆಯಲ್ಲಿಯೂ ಬೇಲೂರಿನಲ್ಲಿಯೂ ವರ್ಷದ ಕೆಲವು ಗೊತ್ತಾದ ದಿನಗಳಲ್ಲಿ ದೇವಾಲಯಪ್ರವೇಶದ ಹಕ್ಕು ಇದ್ದಿತೆಂಬುದನ್ನೂ ಹಿಂದಿನವರು ದಾಖಲಿಸಿರುವರು.

ಈ ಕಥೆಯನ್ನು ಕೇಳಿ ಸಂತೋಷಪಡುವುದು ಸುಲಭ. ಆದರೆ ಅದರಲ್ಲಿ ನಾಚಿಕೆಯ ಅಂಶವೂ ಇರುವುದು. ವರ್ಷದ ಕೆಲವು ದಿನಗಳು ತೆರೆದಿದ್ದಿತೆಂದರೆ ಮಿಕ್ಕ ದಿನಗಳಲ್ಲಿ ಮುಚ್ಚಿದ್ದಿತೆಂದೇ ಅರ್ಥ. ಸ್ವಾಮಿಯ ಪಾದಕ್ಕೆ ಜೋಡು ಹೊಲಿದವನ ಅಳತೆ ಸ್ವಾಮಿಗೆ ಒಪ್ಪಿಗೆಯಾದರೂ ಅವನ ನೆರಳು ಬಾಗಿಲು ಕಾಯುವವರಿಗೆ ಒಪ್ಪಿಗೆಯಾಗಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ 17ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 25ನೆಯ ಅನುಚ್ಛೇದದಲ್ಲಿ ಸಾರ್ವಜನಿಕವಾದ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗಗಳ ಹಿಂದೂಗಳಿಗೂ ತೆರೆಯಿಸುವ ಕಾನೂನಿಗೆ ಮಾರ್ಗ ಮಾಡಿಕೊಟ್ಟಿತು. ಅಷ್ಟು ಶತಮಾನ ಆ ಬಾಗಿಲುಗಳಲ್ಲಿ ಅಡ್ಡ ನಿಂತವರು ಕಲ್ಲಿನ ಜಯವಿಜಯರಲ್ಲ. ಕಲ್ಲಿನವರು ಎತ್ತಿದ ಬೆರಳು ಎಲ್ಲರಿಗೂ ಒಂದೇ; ಅರಸನಿಗೂ ಅದೇ ಬೆರಳು, ಚಮ್ಮಾರನಿಗೂ ಅದೇ. ಯಾರಿಗೆ ಬಾಗಿಲು, ಯಾರಿಗೆ ಗೋಡೆ ಎಂದು ಭೇದವೆಣಿಸಿದವರು ಮಾಂಸರಕ್ತಗಳುಳ್ಳವರು, ಓದುಬರಹ ಬಲ್ಲವರು.

ಸನಕಾದಿಗಳ ಕಥೆಯಲ್ಲಿ ಜನರು ಹೆಚ್ಚಾಗಿ ಹೇಳದೆ ಬಿಡುವ ಒಂದು ಭಾಗವುಂಟು. ಬಾಗಿಲಿನಲ್ಲಿ ಗಲಭೆಯಾದುದನ್ನು ತಿಳಿದ ಭಗವಂತನು ಯಾರನ್ನೂ ಕರೆಕಳುಹಿಸಲಿಲ್ಲ. ಲಕ್ಷ್ಮಿಯೊಡನೆ ತಾನೇ ಕಾಲ್ನಡಿಗೆಯಲ್ಲಿ ಬಾಗಿಲಿಗೆ ಬಂದನು. ಬಂದು, ಸೇವಕರು ಮಾಡಿದ ಅಪರಾಧವು ತನ್ನದೇ ಅಪರಾಧವೆಂದು ಆ ಮಕ್ಕಳ ಮುಂದೆ ಒಪ್ಪಿಕೊಂಡನು. ಜಯವಿಜಯರು ಬಿದ್ದರೂ ಆ ಒಂದು ಮಾತಿನ ಆಸರೆಯಿಂದ ಬಿದ್ದರು. ಮೂರು ಜನ್ಮಗಳ ಅನಂತರ ಅದೇ ಬಾಗಿಲಿಗೆ ಹಿಂದಿರುಗಿದರು.

ಸಂಜೆ ಹಿಂದಿರುಗುವಾಗ ಮಹಾದ್ವಾರದ ಗೋಪುರದ ಕೆಳಗೆ ಸಮವಸ್ತ್ರ ಧರಿಸಿದ ಒಬ್ಬ ಕಾವಲುಗಾರನಿದ್ದನು. ಮುದುಕನು ಅವನ ಬಳಿ ನಿಂತು, “ಕೂತ್ಕೊಳ್ಳೋಕೆ ಸ್ಟೂಲ್ ಕೊಟ್ಟಿದ್ದಾರೇನಪ್ಪ?” ಎಂದು ಕೇಳಿದನು. “ಕೊಟ್ಟಿದ್ದಾರೆ ಅಜ್ಜ, ಕೂರೋಕೆ ಹೊತ್ತ್ಯಾವುದು?” ಎಂದು ಅವನು ನಕ್ಕನು. ಬಸ್ಸಿನಲ್ಲಿ ಹುಡುಗಿಯು ತನ್ನ ಪುಸ್ತಕದಲ್ಲಿ ಬಹಳ ಹೊತ್ತು ಏನನ್ನೋ ಬರೆಯುತ್ತಿದ್ದಳು. ಮುದುಕನು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದನು. ನಿದ್ರೆ ಬಂದಂತೆ ತೋರಲಿಲ್ಲ.

ಆ ಮುಖ್ಯೋಪಾಧ್ಯಾಯರು ನಿವೃತ್ತರಾಗಿ ಅರಸೀಕೆರೆಯಲ್ಲಿಯೇ ಇರುವರು. ಸಂತೆಯ ದಿನ ಎದುರಾದರೆ ಜವಾನನು ಈಗಲೂ ಚಪ್ಪಲಿ ಬಿಟ್ಟು ನಮಸ್ಕರಿಸುವನು, ಅವರು ಕ್ಷೇಮಸಮಾಚಾರವನ್ನು ಕೇಳುವರು. ಆ ಹುಡುಗನ ಮಾತು ಇಬ್ಬರ ನಡುವೆ ಇದುವರೆಗೆ ಬಂದಿಲ್ಲ. ವೈಕುಂಠದ ಸ್ವಾಮಿಯು ಏಳನೆಯ ಬಾಗಿಲವರೆಗೆ ನಡೆದುಬಂದನು. ಅರಸೀಕೆರೆಯಲ್ಲಿ ಆ ಮನೆಗೂ ಈ ಮನೆಗೂ ನಡುವೆ ಇರುವುದು ಎರಡು ಬೀದಿ.